ಪರೀಕ್ಷೆ ಇಲ್ಲದೆ ಬೆದೆ ಇಂಜೆಕ್ಷನ್, ಚೀಟಿ ಇಲ್ಲದೆ ಮಾತ್ರೆ: ನಮ್ಮ ಕೊಟ್ಟಿಗೆಯಲ್ಲೂ ಮನೆಯಲ್ಲೂ ಆದದ್ದು

ಈ ವಾರ ಅಜೋಲಾ ಬೆಳೆಸುವ ಬಗ್ಗೆ ಬರೆಯುತ್ತೇನೆ ಅಂತ ಹೇಳಿದ್ದೆ. ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳೋಣ. ಮೊನ್ನೆ ನಮ್ಮ ಹೈನುಗಾರರ ವಾಟ್ಸಾಪ್ ಗ್ರೂಪಿನಲ್ಲಿ ಹುಡುಗನೊಬ್ಬ ಒಂದು ಔಷಧಿ ಬಾಟಲಿಯ ಫೋಟೋ ಹಾಕಿ, "ಹಸು ಬೆದೆಗೆ ಬರ್ತಿಲ್ಲ, ಇದು ಎಷ್ಟು ಎಂ.ಎಲ್. ಹಾಕಲಿ?" ಅಂತ ಕೇಳಿದ್ದ. ಹತ್ತು ನಿಮಿಷದಲ್ಲಿ ಹದಿನಾಲ್ಕು ಜನ ಉತ್ತರ ಕೊಟ್ಟಿದ್ದರು. ಹಸು ಗಬ್ಬ ಇದೆಯಾ ಅಂತ ಒಬ್ಬರೂ ಕೇಳಿರಲಿಲ್ಲ. ಅದೇ ಬಾಟಲಿಯಿಂದ ನಾನು ಏನು ಕಳೆದುಕೊಂಡೆ ಅನ್ನೋದನ್ನು ಬರೆಯಲೇಬೇಕು ಅನ್ನಿಸಿತು. ಇದರಲ್ಲಿ ನಮ್ಮ ಮನೆಯ ವಿಷಯವೂ ಬರುತ್ತೆ. ನನ್ನ ಹೆಂಡತಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಹಾಕ್ಬೇಡಿ, ಉಳಿದದ್ದೆಲ್ಲ ಬರೀರಿ" ಅಂದಳು.

ಗೌರಿಗೆ ಆದದ್ದು

ನಮ್ಮದು ಹಾಸನ ಜಿಲ್ಲೆ. ಎರಡೂವರೆ ಎಕರೆ ಜಮೀನು, ಐದು ಹಸು. ಮನೆ ನಡೆಯೋದು ಹಾಲಿನ ದುಡ್ಡಿನ ಮೇಲೆ. ಗೌರಿ ಅನ್ನೋ ಎಚ್‌ಎಫ್ ಕ್ರಾಸ್ ಹಸು ಆಗ ದಿನಕ್ಕೆ 14 ಲೀಟರ್ ಕೊಡ್ತಿತ್ತು. ಕರು ಹಾಕಿ ಎರಡೂವರೆ ತಿಂಗಳಿಗೆ ಬೆದೆಗೆ ಬಂತು, ಕೃತಕ ಗರ್ಭಧಾರಣೆ ಮಾಡಿಸಿದೆ. ದಿನಾಂಕ ಎಲ್ಲೂ ಬರೆದಿಡಲಿಲ್ಲ. ಅರವತ್ತು ದಿನಕ್ಕೆ ಗಬ್ಬ ನೋಡಿಸಬೇಕಿತ್ತು, ಅದನ್ನೂ ಮಾಡಿಸಲಿಲ್ಲ.

ಮೂರು ತಿಂಗಳು ದಾಟಿದ ಮೇಲೆ ಒಂದು ಬೆಳಗ್ಗೆ ಗೌರಿ ಸ್ವಲ್ಪ ಕೂಗಾಡಿತು, ಪಕ್ಕದ ಹಸುವಿನ ಮೇಲೆ ಹತ್ತೋಕೆ ಹೋಯ್ತು. ಅವತ್ತು ರಾಗಿ ಒಕ್ಕಣೆ, ಯಾರನ್ನೂ ಕರೆಸೋಕೆ ಆಗಲಿಲ್ಲ. "ಗಬ್ಬ ನಿಂತಿಲ್ಲ ಕಣೋ, ಬೆದೇನೂ ತಪ್ಪಿಸಿಬಿಟ್ಟೆ" ಅಂದರು ಪಕ್ಕದ ಮನೆ ದೊಡ್ಡಪ್ಪ. ನಾನೂ ಹಾಗೇ ಅಂದುಕೊಂಡೆ. ಗಬ್ಬದ ಹಸುಗಳಲ್ಲಿ ಕೆಲವು ಹೀಗೆ ಬೆದೆಯ ಲಕ್ಷಣ ತೋರಿಸುತ್ತವೆ ಅನ್ನೋದು ಆಗ ನನಗೆ ಗೊತ್ತಿರಲಿಲ್ಲ. 21 ದಿನ ಕಾದೆ. ಬೆದೆ ಬರಲಿಲ್ಲ. ಇನ್ನೊಂದು ನಾಲ್ಕು ದಿನ ಕಾದು, ಗ್ರೂಪಿನಲ್ಲಿ ಯಾರೋ ಹಾಕಿದ್ದ ಫೋಟೋ ತೋರಿಸಿ ಪಟ್ಟಣದ ಒಂದು ಔಷಧಿ ಅಂಗಡಿಯಲ್ಲಿ ಇಂಜೆಕ್ಷನ್ ತಂದೆ. ಅಂಗಡಿಯವನು ಚೀಟಿ ಕೇಳಲಿಲ್ಲ. ನಾನೂ ಅದೇ ಒಳ್ಳೆಯದಾಯ್ತು ಅಂದುಕೊಂಡೆ.

ಸಿರಿಂಜಿಗೆ ಔಷಧಿ ಎಳೆದವಳು ನನ್ನ ಹೆಂಡತಿ. ನಾನು ಗೌರಿಯ ಮೂಗುದಾರ ಹಿಡಿದಿದ್ದೆ. ಎಳೆಯುವಾಗ ಒಂದೆರಡು ಹನಿ ಅವಳ ಕೈ ಮೇಲೆ ಬಿತ್ತು, ಸೆರಗಿಗೆ ಒರೆಸಿಕೊಂಡಳು. 2 ಎಂ.ಎಲ್. ಹಾಕಿದೆವು.

ಮೂರನೇ ದಿನ ಸಂಜೆ ಹಾಲು ಕರೆಯೋ ಹೊತ್ತಿಗೆ ಗೌರಿ ಕಂದು ಹಾಕಿತು. ಸಣ್ಣ ಬೆಕ್ಕಿನಷ್ಟು ದೊಡ್ಡದಿತ್ತು. ನಾಲ್ಕು ತಿಂಗಳ ಕರು. ಹೆಣ್ಣು. ಅವ್ವ ಅದನ್ನು ನೋಡಿ ಒಳಗೆ ಹೋದವರು ಆ ರಾತ್ರಿ ಊಟ ಮಾಡಲಿಲ್ಲ.

ಮಾಸು ಬೀಳಲಿಲ್ಲ. ಮಾರನೇ ದಿನಕ್ಕೆ ಗೌರಿಗೆ ಜ್ವರ, ಮೇವು ಬಿಟ್ಟಿತು. ಆಗ ಪಶು ಡಾಕ್ಟರನ್ನು ಕರೆಸಿದೆ. ಅವರು ಕೈಗವಸು ಹಾಕಿಕೊಂಡು ನೋಡಿದರು. ಕಂದು ಹಾಕಿದ್ದನ್ನು ಏನು ಮಾಡಿದಿರಿ ಅಂತ ಕೇಳಿದರು. ತಿಪ್ಪೆಗೆ ಹಾಕಿದ್ದೆವು ಅಂತ ಹೇಳಿ ಬೈಸಿಕೊಂಡೆ. (ನಿಮಗೂ ಹೇಳಿಬಿಡ್ತೀನಿ: ಹಸು ಯಾವ ಕಾರಣಕ್ಕೇ ಕಂದು ಹಾಕಲಿ, ಬರಿಗೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲಾ ರೋಗ ಇದ್ದರೆ ಅದು ಮನುಷ್ಯರಿಗೂ ಅಂಟುತ್ತೆ. ಆಳವಾದ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ, ನಾಯಿ ಎಳೆಯದ ಹಾಗೆ. ಬಿದ್ದಿರದ ಮಾಸನ್ನು ಕೈಯಿಂದ ಎಳೆಯೋದು, ಅದಕ್ಕೆ ಕಲ್ಲು ಕಟ್ಟೋದು ಎರಡೂ ಬೇಡ.) ಆಮೇಲೆ ಬಾಟಲಿ ತೋರಿಸು ಅಂದರು. ನೋಡಿ ಒಂದು ನಿಮಿಷ ಸುಮ್ಮನಿದ್ದರು.

"ಇದನ್ನ ಹಾಕೋ ಮೊದಲು ಗರ್ಭ ಕೈ ಹಾಕಿ ನೋಡಿದ್ದು ಯಾರಪ್ಪಾ?"

"ಯಾರೂ ಇಲ್ಲ ಸಾರ್."

"ಸಿರಿಂಜ್ ತುಂಬಿದ್ದು ಯಾರು?"

ನನ್ನ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು, "ನಾನೇ ಸಾರ್" ಅಂದಳು. ಡಾಕ್ಟರ ಮುಖ ಬದಲಾಯಿತು. "ಕೈ ಮೇಲೇನಾದ್ರೂ ಬಿತ್ತಾ ತಾಯಿ? ಬಸುರಿ ಹೆಂಗಸರು ಇದನ್ನ ಮುಟ್ಟೋಹಾಗೇ ಇಲ್ಲ." ಅವಳು ತಲೆ ತಗ್ಗಿಸಿ, ಈ ತಿಂಗಳು ನಾಲ್ಕು ದಿನ ದಾಟಿದೆ ಅಂತ ಮೆಲ್ಲಗೆ ಹೇಳಿದಳು. ಮೂರು ವರ್ಷದಿಂದ ನಾವು ಮಗುವಿಗಾಗಿ ಕಾಯ್ತಾ ಇದ್ದವರು.

ಎರಡು ದಿನಕ್ಕೆ ಅವಳು ಹೊರಗಾದಳು. ಆ ನಾಲ್ಕು ದಿನ ದಾಟಿದ್ದು ಏನಾಗಿತ್ತು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಇನ್ನು ಗೊತ್ತಾಗೋದೂ ಇಲ್ಲ.

ಆ ಇಂಜೆಕ್ಷನ್ ಮಾಡೋದೇನು?

ಔಷಧಿಯ ಹೆಸರು ಕ್ಲೋಪ್ರೊಸ್ಟೆನಾಲ್. ಪ್ರೊಸ್ಟಾಗ್ಲಾಂಡಿನ್ ಅನ್ನೋ ಜಾತಿಯ ಹಾರ್ಮೋನು. ಕೆಟ್ಟ ಔಷಧಿ ಅಲ್ಲ. ಪಶು ಡಾಕ್ಟರುಗಳು ದಿನಾ ಬಳಸೋದು. ಅದು ಹೇಗೆ ಕೆಲಸ ಮಾಡುತ್ತೆ ಅಂತ ಒಮ್ಮೆ ಅರ್ಥ ಮಾಡಿಕೊಂಡರೆ ಯಾಕೆ ಮೊದಲು ಪರೀಕ್ಷೆ ಬೇಕು ಅನ್ನೋದು ತಾನಾಗೇ ತಿಳಿಯುತ್ತೆ.

ಹಸು ಬೆದೆಗೆ ಬಂದು ಅಂಡ ಬಿಡುಗಡೆಯಾದ ಜಾಗದಲ್ಲಿ, ಅಂಡಾಶಯದ ಮೇಲೆ ಒಂದು ಹಳದಿ ಗಂಟು ಬೆಳೆಯುತ್ತೆ. ಅದರ ಕೆಲಸ ಪ್ರೊಜೆಸ್ಟರಾನ್ ಹಾರ್ಮೋನು ತಯಾರಿಸೋದು, ಅಂದರೆ ಗರ್ಭ ಕಾಯೋದು. ಗಬ್ಬ ನಿಲ್ಲಲಿಲ್ಲ ಅಂದರೆ ಹದಿನಾರು, ಹದಿನೇಳನೇ ದಿನದ ಹೊತ್ತಿಗೆ ಗರ್ಭಕೋಶವೇ ಪ್ರೊಸ್ಟಾಗ್ಲಾಂಡಿನ್ ಕಳಿಸಿ ಆ ಗಂಟನ್ನು ಕರಗಿಸುತ್ತೆ, 21ನೇ ದಿನದ ಆಸುಪಾಸಿಗೆ ಹಸು ಮತ್ತೆ ಬೆದೆಗೆ ಬರುತ್ತೆ. ಗಬ್ಬ ನಿಂತಿದ್ದರೆ ಗಂಟು ಹಾಗೇ ಉಳಿಯುತ್ತೆ. ನಾವು ಕೊಡುವ ಇಂಜೆಕ್ಷನ್ನು ಗರ್ಭಕೋಶ ಮಾಡುವ ಕೆಲಸವನ್ನೇ ಮಾಡುತ್ತೆ, ಗಂಟನ್ನು ಕರಗಿಸುತ್ತೆ. ಕಾಯುವವನೇ ಇಲ್ಲದ ಮೇಲೆ ಒಳಗಿರುವ ಕರು ಉಳಿಯೋದಿಲ್ಲ. ಮೊದಲ ಐದು ತಿಂಗಳ ಗಬ್ಬದಲ್ಲಿ ಈ ಔಷಧಿ ಹಾಕಿದರೆ ಕಂದು ಹಾಕುವುದು ಬಹುಮಟ್ಟಿಗೆ ಖಚಿತ.

ಇನ್ನೊಂದು ಕಡೆಯಿಂದ ನೋಡಿ. ಹಸು ಬಡಕಲಾಗಿ, ಹಿಂಡಿ ಬೂಸಾ ಸಾಲದೆ, ಖನಿಜ ಮಿಶ್ರಣ ಇಲ್ಲದೆ ಅಂಡಾಶಯವೇ ಮಲಗಿಬಿಟ್ಟಿದ್ದರೆ ಅಲ್ಲಿ ಕರಗಿಸೋಕೆ ಹಳದಿ ಗಂಟೇ ಇರೋಲ್ಲ. ಬೆದೆ ಮುಗಿದ ಮೊದಲ ಐದು ದಿನದಲ್ಲಿ ಗಂಟು ಇನ್ನೂ ಎಳೆಯದು, ಆಗ ಹಾಕಿದರೂ ಔಷಧಿ ನಾಟೋದಿಲ್ಲ. ದುಡ್ಡು ದಂಡ ಅಷ್ಟೇ. ಗರ್ಭಕೋಶದಲ್ಲಿ ಕೀವು ಇದ್ದರೆ ಅದಕ್ಕೆ ಚಿಕಿತ್ಸೆಯೇ ಬೇರೆ ಲೆಕ್ಕ. ಬೆದೆ ಬಂದೂ ಕೂಗದೆ ಸುಮ್ಮನಿರುವ ಮೂಕ ಬೆದೆಯ ಹಸು, ಎಮ್ಮೆಗಳೂ ಬೇಕಾದಷ್ಟಿವೆ. ಹೊರಗಿನಿಂದ ನೋಡುವ ನಮಗೆ ಇವೆಲ್ಲವೂ ಒಂದೇ: "ಬೆದೆಗೆ ಬರ್ತಿಲ್ಲ." ಒಳಗೆ ಕೈ ಹಾಕಿ ನೋಡುವ ಡಾಕ್ಟರಿಗೆ ಇವು ಐದು ಬೇರೆ ಬೇರೆ ಕಾಯಿಲೆ, ಅದರಲ್ಲಿ ಒಂದು ಕಾಯಿಲೆಯೇ ಅಲ್ಲ, ಗಬ್ಬ.

ಈಸ್ಟ್ರೋಜನ್ ಇಂಜೆಕ್ಷನ್ ಕೊಟ್ಟು ಬೆದೆ ಬರಿಸುವವರೂ ಇದ್ದಾರೆ. ಹಸು ಕೂಗುತ್ತೆ, ಲೋಳೆ ಹಾಕುತ್ತೆ, ರೈತನಿಗೆ ಖುಷಿ. ಆದರೆ ಅಂಡವೇ ಬಿಡುಗಡೆಯಾಗಿರೋದಿಲ್ಲ, ಸೆಮೆನ್ ಕೊಡಿಸಿದ್ದು ವ್ಯರ್ಥ. ಇದರಿಂದ ಅಂಡಾಶಯದಲ್ಲಿ ನೀರುಗುಳ್ಳೆ ಆಗಿ ವರ್ಷಗಟ್ಟಲೆ ಗಬ್ಬ ನಿಲ್ಲದ ಹಸುಗಳೂ ಇವೆ.

ಮನೆಯ ಹೆಣ್ಣುಮಕ್ಕಳ ವಿಷಯ ಮರೆಯಬೇಡಿ. ಪ್ರೊಸ್ಟಾಗ್ಲಾಂಡಿನ್ ಚರ್ಮದ ಮೂಲಕವೂ ದೇಹಕ್ಕೆ ಇಳಿಯುತ್ತೆ. ಬಸುರಿಯರಿಗೆ ಗರ್ಭಪಾತ, ಅಸ್ತಮಾ ಇರುವವರಿಗೆ ಉಸಿರು ಕಟ್ಟುವ ಅಪಾಯ ಇದೆ ಅಂತ ಬಾಟಲಿಯ ಜೊತೆಯ ಕಾಗದದಲ್ಲೇ ಬರೆದಿರುತ್ತೆ. ಆ ಕಾಗದವನ್ನು ನಾನು ಮಡಚಿ ಬಿಸಾಡಿದ್ದೆ. ಕೈಗೆ ಬಿದ್ದರೆ ತಕ್ಷಣ ಸೋಪು ನೀರಿನಲ್ಲಿ ತೊಳೆಯಬೇಕು, ಬಟ್ಟೆಗೆ ಒರೆಸಿಕೊಂಡು ಸುಮ್ಮನಾಗೋದಲ್ಲ.

ಅಕ್ಕನ ಚೀಟಿಯ ಮಾತ್ರೆ

ಅವತ್ತು ಡಾಕ್ಟರು ಕಾಫಿ ಕುಡಿಯುತ್ತಾ ಕೂತಿದ್ದಾಗ ನನ್ನ ಹೆಂಡತಿ ಇನ್ನೊಂದು ವಿಷಯ ಬಾಯಿಬಿಟ್ಟಳು. ಏಳು ತಿಂಗಳಿಂದ ಅವಳೂ ಮಾತ್ರೆ ತಗೊಳ್ತಿದ್ದಳು. ನನಗೂ ಗೊತ್ತಿತ್ತು, ತಂದುಕೊಡ್ತಿದ್ದವನೇ ನಾನು. ಅವಳ ಅಕ್ಕನಿಗೆ ಬೆಂಗಳೂರಿನಲ್ಲಿ ಡಾಕ್ಟರು ಬರೆದುಕೊಟ್ಟ ಚೀಟಿ, ಆ ಅಕ್ಕನಿಗೆ ಮಗು ಆಯ್ತು. ಚೀಟಿಯ ಫೋಟೋ ವಾಟ್ಸಾಪಿನಲ್ಲಿ ಬಂತು. ಫೋಟೋ ತೋರಿಸಿದರೆ ಅಂಗಡಿಯಲ್ಲಿ ಮಾತ್ರೆ ಸಿಗ್ತಿತ್ತು. ಗೌರಿಗೆ ಮಾಡಿದ್ದನ್ನೇ ನಾನು ಮನೆಯಲ್ಲೂ ಮಾಡ್ತಾ ಇದ್ದೆ.

"ನಾನು ದನದ ಡಾಕ್ಟ್ರು, ಇದು ನಾನು ಹೇಳೋ ವಿಷಯ ಅಲ್ಲ" ಅಂದರು ಅವರು. "ಆದ್ರೆ ನಾಳೆನೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಇಬ್ಬರೂ ಹೋಗಿ."

ಆ 'ಇಬ್ಬರೂ' ಅನ್ನೋದು ನನಗೆ ಆಗ ಚುಚ್ಚಿತು, ಸುಳ್ಳು ಹೇಳಲ್ಲ.

ಹೆರಿಗೆ ಡಾಕ್ಟರಮ್ಮ ಮೊದಲು ಕೇಳಿದ್ದೇ, ಮಾತ್ರೆ ಶುರು ಮಾಡೋ ಮೊದಲು ಸ್ಕ್ಯಾನ್ ಆಗಿತ್ತಾ ಅಂತ. ಇಲ್ಲ. ಥೈರಾಯ್ಡ್ ಪರೀಕ್ಷೆ? ಇಲ್ಲ. ಗಂಡನ ಪರೀಕ್ಷೆ? ಇಲ್ಲ. ಎಷ್ಟು ಎಂ.ಜಿ.? ನೂರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಆ ಮಾತ್ರೆ ಕ್ಲೋಮಿಫೀನ್. ಅಂಡ ಸರಿಯಾಗಿ ಬಿಡುಗಡೆಯಾಗದ ಹೆಂಗಸರಿಗೆ ಕೊಡೋದು. ದೇಹದಲ್ಲಿ ಈಸ್ಟ್ರೋಜನ್ ಕಮ್ಮಿ ಇದೆ ಅಂತ ಮೆದುಳನ್ನು ನಂಬಿಸುತ್ತೆ, ಆಗ ಮೆದುಳು ಅಂಡಾಶಯಕ್ಕೆ ಜೋರಾಗಿ ಕೆಲಸ ಮಾಡು ಅಂತ ಹಾರ್ಮೋನು ಕಳಿಸುತ್ತೆ. ಸಾಮಾನ್ಯವಾಗಿ ದಿನಕ್ಕೆ 50 ಎಂ.ಜಿ.ಯಿಂದ, ಮುಟ್ಟಾದ ಮೇಲೆ ಐದು ದಿನ ಮಾತ್ರ. ಸ್ಕ್ಯಾನಿನಲ್ಲಿ ನೋಡಿ, ಸಾಲದಿದ್ದರೆ ಮಾತ್ರ ಜಾಸ್ತಿ ಮಾಡುತ್ತಾರೆ. ಅಕ್ಕನಿಗೆ 100 ಬರೆದಿದ್ದು ಹಾಗೆ ಹಂತಹಂತವಾಗಿ ಏರಿಸಿದ ಮೇಲೆ. ಫೋಟೋದಲ್ಲಿ ಬಂದದ್ದು ಕೊನೆಯ ಚೀಟಿ. ನನ್ನ ಹೆಂಡತಿ ಶುರು ಮಾಡಿದ್ದೇ ಅಲ್ಲಿಂದ. ಆರು ತಿಂಗಳಿಗಿಂತ ಹೆಚ್ಚು ಇದನ್ನು ಸಾಮಾನ್ಯವಾಗಿ ಕೊಡೋದೂ ಇಲ್ಲ.

ಅವಳಿಗೆ ಕೆಲವು ತಿಂಗಳಿಂದ ಕಣ್ಣು ಮಂಜಾಗುತ್ತೆ, ರಾತ್ರಿ ಗಾಡಿ ಲೈಟು ನೋಡಿದರೆ ಮಿಂಚಿದ ಹಾಗಾಗುತ್ತೆ ಅಂತಿದ್ದಳು. ರಕ್ತ ಕಮ್ಮಿ ಆಗಿರಬೇಕು ಅಂತ ನಾವು ಬೀಟ್‌ರೂಟ್ ತಿನ್ನಿಸ್ತಿದ್ದೆವು! ಕ್ಲೋಮಿಫೀನ್‌ನಿಂದ ಕಣ್ಣಿಗೆ ಹೀಗಾಗುತ್ತೆ, ಆದರೆ ಮಾತ್ರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಕಿಬ್ಬೊಟ್ಟೆ ಎಡಗಡೆ ಭಾರ ಇರ್ತಿತ್ತು. ಸ್ಕ್ಯಾನಿನಲ್ಲಿ ಎಡ ಅಂಡಾಶಯ ಊದಿಕೊಂಡು ದೊಡ್ಡ ನೀರುಗುಳ್ಳೆ ಕಾಣಿಸಿತು. ನೀರುಗುಳ್ಳೆ ಇರುವಾಗ ಈ ಮಾತ್ರೆ ತಗೊಂಡರೆ ಅದು ಇನ್ನೂ ಬೆಳೆಯಬಹುದು, ಅಂಡಾಶಯ ತಿರುಚಿಕೊಂಡರೆ ಅರ್ಧ ರಾತ್ರಿ ಆಪರೇಷನ್ನಿಗೆ ಓಡಬೇಕಾಗುತ್ತೆ. ಮಾತ್ರೆ ನಿಲ್ಲಿಸಿ, ಎರಡು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಅಂದರು. ಮುಟ್ಟು ನಾಲ್ಕು ದಿನ ಮುಂದೆ ಹೋಗಿದ್ದಕ್ಕೆ ಈ ಗುಳ್ಳೆಯೂ ಕಾರಣ ಇರಬಹುದು, ಹಾಗೇ ಅಂತ ಹೇಳೋಕಾಗಲ್ಲ ಅಂದರು. ಅಷ್ಟು ಕೇಳಿದ್ದಕ್ಕೇ ಅವಳು ಸ್ವಲ್ಪ ಉಸಿರು ಬಿಟ್ಟಳು.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಏರುಪೇರಾಗಿದ್ದು ಗೊತ್ತಾಯಿತು. ಅದಕ್ಕೆ ಬೇರೆಯೇ ಮಾತ್ರೆ, ಬಹಳ ಕಡಿಮೆ ಬೆಲೆಯದು. ಏಳು ತಿಂಗಳು ಕಾಯಿಲೆ ಒಂದು ಕಡೆ, ಔಷಧಿ ಒಂದು ಕಡೆ.

ಡಾಕ್ಟರಮ್ಮ ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದದ್ದನ್ನು ಬರೀತೀನಿ. ಗರ್ಭನಾಳ ಮುಚ್ಚಿಕೊಂಡಿದ್ದರೆ ಎಷ್ಟು ಅಂಡ ಬಿಟ್ಟರೂ ಪ್ರಯೋಜನ ಇಲ್ಲ. ನಮ್ಮ ದೇಶದಲ್ಲಿ ಗರ್ಭಕೋಶದ, ಗರ್ಭನಾಳದ ಕ್ಷಯರೋಗವೂ ಅದಕ್ಕೊಂದು ಕಾರಣ, ಕೆಮ್ಮು ಇಲ್ಲದೆಯೂ ಅದು ಇರಬಹುದು. ಕ್ಲೋಮಿಫೀನ್ ತಗೊಂಡು ನಿಂತ ನೂರು ಬಸಿರಿನಲ್ಲಿ ಏಳೆಂಟು ಅವಳಿ. ಅವಳಿ ಅಂದರೆ ಮನೆಯವರಿಗೆಲ್ಲ ಸಂಭ್ರಮ, ಆದರೆ ದಿನ ತುಂಬದ ಹೆರಿಗೆ, ತಾಯಿಗೆ ಬಿಪಿ, ಇವೆಲ್ಲ ಅದರ ಜೊತೆ ಬರುತ್ತವೆ. (ಹಸುವಿನಲ್ಲಿ ಗಂಡು ಹೆಣ್ಣು ಅವಳಿ ಕರು ಹುಟ್ಟಿದರೆ ಹೆಣ್ಣು ಕರು ಬಹುತೇಕ ಬಂಜೆ ಅಂತ ನಿಮಗೆ ಗೊತ್ತಿರಬಹುದು. ಮನುಷ್ಯರಲ್ಲಿ ಹಾಗಿಲ್ಲ. ನಾನು ಕೇಳಿದೆ, ಡಾಕ್ಟರಮ್ಮ ನಕ್ಕುಬಿಟ್ಟರು.) ಮಾತ್ರೆಗಿಂತ ಅಂಡ ಬೆಳೆಸುವ ಇಂಜೆಕ್ಷನ್‌ಗಳು ಇನ್ನೂ ಜೋರು. ಅವುಗಳಿಂದ ಅಂಡಾಶಯ ಅತಿಯಾಗಿ ಊದಿ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳಬಹುದು. ಹೊಟ್ಟೆ ಉಬ್ಬರ, ವಾಂತಿ, ಎರಡು ಮೂರು ದಿನದಲ್ಲಿ ತೂಕ ಏರೋದು, ಉಚ್ಚೆ ಕಮ್ಮಿ ಆಗೋದು, ಉಸಿರು ಎಳೆಯೋದು ಕಂಡರೆ ಮನೆಯಲ್ಲಿ ಕಷಾಯ ಕುಡಿಸುತ್ತಾ ಕೂರಬಾರದು, ಆಸ್ಪತ್ರೆಗೆ ಹೋಗಬೇಕು. ಮುಟ್ಟು ತಪ್ಪಿದ ಮೇಲೆ ಹೊಟ್ಟೆಯ ಒಂದೇ ಕಡೆ ವಿಪರೀತ ನೋವು, ತಲೆ ಸುತ್ತಿ ಬೀಳುವುದು ಇದ್ದರೂ ಹಾಗೇ. ಅದು ನಾಳದಲ್ಲಿ ನಿಂತ ಬಸಿರು ಇರಬಹುದು, ಜೀವಕ್ಕೇ ಅಪಾಯ.

ಲೆಟ್ರೋಜೋಲ್ ಅನ್ನೋ ಇನ್ನೊಂದು ಮಾತ್ರೆಯೂ ಈಗ ಹೆಚ್ಚು ಬಳಕೆಯಲ್ಲಿದೆ. ಅದು ಮೂಲತಃ ಸ್ತನ ಕ್ಯಾನ್ಸರಿನ ಔಷಧಿ. ಬಂಜೆತನಕ್ಕೆ ಅದನ್ನು ಬಳಸೋದನ್ನು ಕೇಂದ್ರ ಸರ್ಕಾರ 2011ರಲ್ಲಿ ನಿಷೇಧ ಮಾಡಿ, 2017ರಲ್ಲಿ ನಿಷೇಧ ತೆಗೆಯಿತು. ಇಷ್ಟೆಲ್ಲ ಯೋಚನೆ ಮಾಡಿ ಕೊಡುವ ಔಷಧಿಯನ್ನು ನಾವು ಫೋಟೋ ತೋರಿಸಿ ಕೊಂಡುಕೊಳ್ತೀವಿ.

ಇನ್ನೊಂದು ಮಾತು, ಇದು ಹೈನುಗಾರರಿಗೇ. ಕ್ಲೋಮಿಫೀನ್ ದನಗಳಿಗೂ ದೊಡ್ಡ ಗುಳಿಗೆಯಾಗಿ ಬರುತ್ತೆ, 300 ಎಂ.ಜಿ.ಯದು. ಹೆಂಗಸರಿಗೆ ಶುರು ಮಾಡುವ 50 ಎಂ.ಜಿ.ಯ ಆರು ಪಟ್ಟು. ಹೆಸರು ಒಂದೇ ಅಂತ ಯಾರೂ ಮುರಿದು ನುಂಗುವ ಪ್ರಯೋಗಕ್ಕೆ ಹೋಗಬೇಡಿ. ದನದ ಔಷಧಿ ಮತ್ತು ಮನೆಯವರ ಔಷಧಿ ಒಂದೇ ಗೂಡಿನಲ್ಲಿ ಇಡಬೇಡಿ. ನಮ್ಮಲ್ಲಿ ಎರಡೂ ದೇವರ ಮನೆ ಗೂಡಿನಲ್ಲೇ ಇದ್ದವು.

ಗಂಡಸರ ಪಾಳಿ

ನನ್ನ ಪರೀಕ್ಷೆಗೆ ನಾನು ಎರಡು ವಾರ ತಪ್ಪಿಸಿಕೊಂಡೆ. ನೀರು ಬಿಡಬೇಕು, ಕರೆಂಟು ರಾತ್ರಿ ಬರುತ್ತೆ, ಡೇರಿಯಲ್ಲಿ ಮೀಟಿಂಗು, ನೆಪಗಳಿಗೇನು ಬರವೇ? ಕೊನೆಗೆ ಅವಳೇ ಒಂದು ದಿನ, "ರೀ, ಸೆಮೆನ್ ಸರಿ ಇದ್ಯಾ ಅಂತ ನೋಡ್ದೆ ಗೌರಿಗೆ ಕೊಡಿಸ್ತೀರಾ?" ಅಂತ ಕೇಳಿದಳು. ಮಾರನೇ ದಿನ ಹೋದೆ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತೆ. ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಸುಲಭದ್ದು, ಸೂಜಿ ಇಲ್ಲ, ನೋವಿಲ್ಲ. ಎರಡರಿಂದ ಏಳು ದಿನ ಸಂಪರ್ಕ ಇಲ್ಲದೆ ಇದ್ದು ಮಾದರಿ ಕೊಡಬೇಕು. ನನ್ನ ರಿಪೋರ್ಟಿನಲ್ಲಿ ಸಂಖ್ಯೆ ಕಡಿಮೆ ಇತ್ತು. ತಿಂಗಳ ಹಿಂದೆ ನನಗೆ ಡೆಂಗ್ಯೂ ಆಗಿ ಐದು ದಿನ ಜೋರು ಜ್ವರ ಬಂದಿತ್ತು. ಜ್ವರದಿಂದಲೂ ಹೀಗಾಗಬಹುದು, ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಬೇಕು, ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ ಅಂದರು. ಯಾವ ಯಾವ ಔಷಧಿ ಸಿಂಪಡಿಸ್ತೀರಿ ಅಂತಲೂ ಕೇಳಿದರು. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಂತುಹುಳುವಿಗೆ ಮಣ್ಣಿಗೆ ಹಾಕುವ ಡಿಬಿಸಿಪಿ ಅನ್ನೋ ಔಷಧಿ ತಯಾರಿಸುವ ಕಾರ್ಖಾನೆಯ ಕಾರ್ಮಿಕರಿಗೆ, ನಮ್ಮಲ್ಲಿ ಯಾರಿಗೂ ಮಕ್ಕಳಾಗ್ತಿಲ್ಲವಲ್ಲ ಅಂತ ಅನುಮಾನ ಬಂದು ಪರೀಕ್ಷೆ ಮಾಡಿಸಿದಾಗ ಎಷ್ಟೋ ಜನರಲ್ಲಿ ವೀರ್ಯಾಣುವೇ ಇರಲಿಲ್ಲ. ಅಲ್ಲಿಯವರೆಗೂ ಡಾಕ್ಟರ ಹತ್ತಿರ ಹೋಗ್ತಿದ್ದದ್ದು ಬಹುಶಃ ಅವರ ಹೆಂಡತಿಯರೇ ಇರಬೇಕು. ಮಾಸ್ಕು, ಕೈಗವಸು ಇಲ್ಲದೆ ಸ್ಪ್ರೇ ಮಾಡುವ ನಮ್ಮಂಥವರಿಗೆ ಇದು ಗೊತ್ತಿರಲಿ.

ಗಂಡಸರ ಕಡೆಯ ಸ್ವಯಂ ವೈದ್ಯವೂ ಕಮ್ಮಿ ಇಲ್ಲ. ನನ್ನ ಗೆಳೆಯನೊಬ್ಬ ಜಿಮ್ಮಿನಲ್ಲಿ ಯಾರೋ ಹೇಳಿದರು ಅಂತ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಹಾಕಿಸಿಕೊಳ್ತಿದ್ದ. ಮೈ ಬಂತು, ಮೀಸೆ ದಪ್ಪ ಆಯ್ತು. "ಗಂಡಸಿನ ಹಾರ್ಮೋನು ತಾನೆ, ಮಗು ಬೇಗ ಆಗುತ್ತೆ" ಅಂತ ಅವನ ಲೆಕ್ಕ. ಆಗೋದು ತದ್ವಿರುದ್ಧ. ಹೊರಗಿನಿಂದ ಹಾರ್ಮೋನು ಬಂದರೆ ಇನ್ನು ಬೇಡ ಅಂತ ಮೆದುಳು ಬೀಜಕ್ಕೆ ಹೇಳೋದನ್ನೇ ನಿಲ್ಲಿಸುತ್ತೆ, ವೀರ್ಯಾಣು ಕಮ್ಮಿ ಆಗುತ್ತಾ ಸೊನ್ನೆಗೂ ಇಳಿಯಬಹುದು. ನಿಲ್ಲಿಸಿದ ಮೇಲೆ ಸರಿಹೋಗೋಕೆ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ಅದಕ್ಕೂ ಜಾಸ್ತಿ. ಹಣೆಪಟ್ಟಿ ಇಲ್ಲದ ಡಬ್ಬದ ಪುಡಿಗಳ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ: ಒಳಗೆ ಏನಿದೆ ಅಂತ ಮಾರುವವನಿಗೇ ಗೊತ್ತಿಲ್ಲದ್ದನ್ನು ನಮ್ಮ ಹಸುವಿಗೂ ಹಾಕಲ್ಲ.

ಈಗ ನಾವು ಮಾಡ್ತಿರೋದು

ಪ್ರತಿ ಹಸುವಿನ ಬೆದೆ ದಿನ, ಸೆಮೆನ್ ಕೊಡಿಸಿದ ದಿನ ಫೋನಿನ ಕ್ಯಾಲೆಂಡರಿಗೆ ಹೋಗುತ್ತೆ. 21ನೇ ದಿನಕ್ಕೊಂದು, 60ನೇ ದಿನಕ್ಕೊಂದು ಅಲಾರಂ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಗ್ಗೆ ಕೊಡಿಸ್ತೀವಿ. 60ನೇ ದಿನ ಕೈ ಹಾಕಿ ಗಬ್ಬ ನೋಡಿಸದೆ ಯಾವ ಹಾರ್ಮೋನೂ ಇಲ್ಲ. ಸ್ಕ್ಯಾನ್ ಯಂತ್ರ ಇರುವ ಡಾಕ್ಟರು ಸಿಕ್ಕರೆ 30 ದಿನಕ್ಕೇ ಗೊತ್ತಾಗುತ್ತೆ. ಮೂರು ಸಲ ಕೊಡಿಸಿಯೂ ನಿಲ್ಲದಿದ್ದರೆ ನಾಲ್ಕನೇ ಸಲ ಕೊಡಿಸೋ ಮೊದಲು ಪರೀಕ್ಷೆ. ಡಾಕ್ಟರು ದೂರ ಅನ್ನೋರು 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಬರುತ್ತೆ.

ಬಾಟಲಿ ಅಥವಾ ಮಾತ್ರೆ ಶೀಟಿನ ಮೇಲೆ ಕೆಂಪು ಗೆರೆ, 'ಆರ್‌ಎಕ್ಸ್' ಗುರುತು ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ ಅಂತ ಅರ್ಥ. ಚೀಟಿ ಅಂದರೆ ಈಗ, ನಿಮ್ಮ ಹೆಸರಿಗೆ ಬರೆದ ಚೀಟಿ. ಮದುವೆಯಾಗಿ ಒಂದು ವರ್ಷ ಪ್ರಯತ್ನಪಟ್ಟೂ ಬಸಿರು ನಿಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಹೋಗಿ. ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ ಹೋಗಿ. ಮುಟ್ಟಿನ ದಿನಾಂಕ ಬರೆದಿಟ್ಟುಕೊಂಡು ಹೋದರೆ ಡಾಕ್ಟರ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ. ಅಲ್ಲಿಯವರೆಗೆ ಏನಾದರೂ ತಗೊಳ್ಳಲೇಬೇಕು ಅನ್ನಿಸಿದರೆ ಫೋಲಿಕ್ ಆಸಿಡ್ ಮಾತ್ರೆ ಇದೆ, ಅದನ್ನು ಬಸಿರಿಗೆ ಮೊದಲೇ ಶುರು ಮಾಡೋದು ಒಳ್ಳೆಯದು. ಆಶಾ ಕಾರ್ಯಕರ್ತೆಯನ್ನು ಕೇಳಿ.

ಗೌರಿ ಬದುಕಿತು. ಹಾಲು ಆರು ಲೀಟರಿಗೆ ಇಳಿದು ಮೆಲ್ಲಗೆ ಏರಿದೆ, ರಕ್ತದಲ್ಲಿ ಬ್ರುಸೆಲ್ಲಾ ಇಲ್ಲ ಅಂತ ಬಂತು. ಗರ್ಭಕೋಶ ಸ್ವಚ್ಛ ಆಗೋಕೆ, ಮತ್ತೆ ಬೆದೆಗೆ ಬರೋಕೆ ನಾಲ್ಕು ತಿಂಗಳು ಹಿಡಿಯಿತು. ಈಗ ಸೆಮೆನ್ ಕೊಡಿಸಿ 52 ದಿನ. ನನ್ನ ಹೆಂಡತಿಯ ನೀರುಗುಳ್ಳೆ ಕರಗಿದೆ, ಕಣ್ಣು ಸರಿಹೋಗಿದೆ, ಥೈರಾಯ್ಡ್ ಮಾತ್ರೆ ನಡೀತಾ ಇದೆ. ನನ್ನ ಎರಡನೇ ಪರೀಕ್ಷೆ ಬರುವ ಬುಧವಾರ, ಗೌರಿಯದ್ದು ಅದರ ಮಾರನೇ ದಿನ.

ಅಜೋಲಾ ತೊಟ್ಟಿಯ ಅಳತೆ, ಖರ್ಚು ಎಲ್ಲ ಮುಂದಿನ ವಾರ ಬರೀತೀನಿ.